ಇಂದ್ರಗಿರಿಯ ಅಖಂಡ ಬಾಗಿಲಲ್ಲಿ

ಚನ್ನರಾಯಪಟ್ಟಣದ ದಾರಿಯಾಗಿ ಬರುವ ಯಾತ್ರಿಕನಿಗೆ ಶ್ರವಣಬೆಳಗೊಳ ಇನ್ನೂ ದೂರವಿರುವಾಗಲೇ ಗೊಮ್ಮಟನ ಶಿರೋಭಾಗವು ದಿಗಂತದಲ್ಲಿ ಗೋಚರಿಸುತ್ತದೆ. ಊರು ಚಿಕ್ಕದು. ಇತ್ತ ಚಿಕ್ಕಬೆಟ್ಟ, ಅತ್ತ ದೊಡ್ಡಬೆಟ್ಟವೆನಿಸಿದ ಇಂದ್ರಗಿರಿ, ನಡುವೆ ಊರಿಗೆ ಹೆಸರನ್ನಿತ್ತ ಕೊಳ. ಇಂಥ ಊರಿನ ಅಂಗಳಕ್ಕೆ ಸುಮಾರು 12 ವರ್ಷಗಳಿಗೊಮ್ಮೆ, ಮಹಾಮಸ್ತಕಾಭಿಷೇಕದ ಕಾಲದಲ್ಲಿ, ಲಕ್ಷಾಂತರ ಅತಿಥಿಗಳು ಬಂದಿಳಿಯುತ್ತಾರೆ. 1981ರಲ್ಲಿ ಮೂರ್ತಿಗೆ ಸಾವಿರ ವರ್ಷ ತುಂಬಿದಾಗ ಬಂದರು. 2018ರ ಫೆಬ್ರವರಿಯಲ್ಲಿಯೂ ಬಂದರು. ಅತಿಥಿಯನ್ನು ಕರೆದವನಿಗೆ ಅವನನ್ನು ಕ್ಷೇಮವಾಗಿ ಮನೆಗೆ ಕಳುಹಿಸುವ ಹೊಣೆಯೂ ಉಂಟಷ್ಟೆ. ಆ ಹೊಣೆ ಎಷ್ಟು ಭಾರವಾದದ್ದೆಂಬುದು ಬೆಟ್ಟವನ್ನು ಹತ್ತಿದವರಿಗೆ ತಾನಾಗಿ ತಿಳಿಯುತ್ತದೆ.

ಬಂಡೆಯಲ್ಲಿಯೇ ಕಡಿದ ಮೆಟ್ಟಿಲುಗಳು ಆರುನೂರಕ್ಕೂ ಮಿಕ್ಕಿವೆ. ಪಾದರಕ್ಷೆಯನ್ನು ಕೆಳಗೇ ಬಿಡಬೇಕು. ಬೆಳಗಿನ ಹೊತ್ತು ತಂಪಾಗಿದ್ದ ಕಲ್ಲು ಮಧ್ಯಾಹ್ನಕ್ಕೆ ಕಾದ ಹಂಚು. ನಾನು ಹೋದದ್ದು ಜನ ವಿರಳವಾಗಿದ್ದ ಒಂದು ಸಾಧಾರಣ ದಿನ. ಆದರೂ ಅಖಂಡ ಬಾಗಿಲಿನ ಬಳಿ ಕ್ಷಣಕಾಲ ನಿಲ್ಲಬೇಕಾಯಿತು. ಒಂದೇ ಬಂಡೆಯನ್ನು ಕೊರೆದು ಮಾಡಿದ, ನೆತ್ತಿಯ ಮೇಲೆ ಗಜಲಕ್ಷ್ಮಿಯನ್ನು ಹೊತ್ತ ಆ ಬಾಗಿಲು ಶಿಲ್ಪವಾಗಿ ಮನೋಹರವೇ ಸರಿ. ಆದರೆ ಹತ್ತುವವರೂ ಇಳಿಯುವವರೂ ಅಲ್ಲಿ ಎದುರುಬದುರಾದರೆಂದು ಊಹಿಸಿಕೊಳ್ಳಿ!

'ಕಾಲ್ತುಳಿತ'ವೆಂಬ ನಮ್ಮ ಪತ್ರಿಕೆಗಳ ಮಾತು ನನಗೆ ಸಮಂಜಸವೆನಿಸದು. ಜನರು ಹುಚ್ಚೆದ್ದು ಒಬ್ಬರನ್ನೊಬ್ಬರು ತುಳಿದರೆಂಬ ಅಪವಾದ ಅದರಲ್ಲಿ ಅಡಗಿದೆ. ಒಂದು ಚದರ ಮೀಟರಿನಲ್ಲಿ ಆರೇಳು ಮಂದಿ ಸೇರಿದರೆ ಯಾರಿಗೂ ತಮ್ಮ ನಡಿಗೆಯ ಮೇಲೆ ಹಿಡಿತವಿರುವುದಿಲ್ಲ. ಗುಂಪು ನೀರಿನಂತೆ ತೊನೆದಾಡುತ್ತದೆ. ಬಹುಪಾಲು ಮಂದಿ ಸಾಯುವುದು ಎದೆ ಅದುಮಿ ಉಸಿರು ಕಟ್ಟಿ, ಎಷ್ಟೋ ವೇಳೆ ನಿಂತ ನಿಲುವಿನಲ್ಲಿಯೇ. ಹಿಂದಿನಿಂದ ನೂಕುವವನಿಗೆ ಮುಂದಿನ ಬಾಗಿಲು ಕಾಣಿಸದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಪ್ರಾಣ ಬಿಟ್ಟರು. ಅವರು ಒಂದು ಗೆಲುವಿನ ಸಂಭ್ರಮಕ್ಕೆಂದು ಬಂದವರು. ಆದಕಾರಣ ಜನರನ್ನು ತಡೆದು ಬಿಡಬೇಕಾದದ್ದು ಬೆಟ್ಟದ ಬುಡದಲ್ಲಿ, ಬಾಗಿಲ ಬಳಿಯಲ್ಲಲ್ಲ. ಹತ್ತುವ ದಾರಿ ಬೇರೆ, ಇಳಿಯುವ ದಾರಿ ಬೇರೆ ಇರಬೇಕು.

ಮೇಲಿನ ಪ್ರಾಕಾರದೊಳಗೆ ಬೇರೊಂದು ಚಿಂತೆ. ಹಾಲು, ಕಬ್ಬಿನ ರಸ, ಅರಿಸಿನ, ಕಷಾಯ, ಗಂಧಗಳು ಮೂರ್ತಿಯ ಭುಜದಿಂದಿಳಿದು ಬರುವ ನೋಟ ಕಣ್ಣಿಗೆ ಹಬ್ಬ; ನೆಲಕ್ಕೆ ಬಂದ ಮೇಲೆ ಅವೇ ಬರಿಗಾಲಿಗೆ ಜಾರುಬಂಡೆ, ನೊಣಗಳಿಗೆ ಔತಣ.

ನೀರಿನ ವಿಷಯದಲ್ಲಿ ನಮ್ಮ ಹಿರಿಯರು ಪಟ್ಟ ಪಾಡು ಅಷ್ಟಿಷ್ಟಲ್ಲ. 1867ರ ಹರಿದ್ವಾರದ ಕುಂಭಮೇಳದಿಂದ ಹಿಂದಿರುಗಿದ ಯಾತ್ರಿಕರೊಡನೆ ಕಾಲರಾ ಉತ್ತರ ಭಾರತದ ಊರೂರಿಗೆ ನಡೆದುಹೋಯಿತು. ಈಗ ಕ್ಲೋರಿನ್ ಬೆರೆಸಿ ಅರ್ಧ ಗಂಟೆಯಾದ ಮೇಲೂ ಲೀಟರಿಗೆ ಅರ್ಧ ಮಿಲಿಗ್ರಾಂ ಉಳಿದಿದೆಯೇ ಎಂದು ನಲ್ಲಿಯ ತುದಿಯಲ್ಲಿ ಪರೀಕ್ಷಿಸಿದರೆ ಆ ಭಯ ಬಹುಮಟ್ಟಿಗೆ ತೊಲಗುತ್ತದೆ. ಅನ್ನದ ಮೇಲೆ ಮಾತ್ರ ನಮಗೆ ಅತಿಯಾದ ನಂಬಿಕೆ. ನಸುಕಿನಲ್ಲಿ ಕಲಸಿದ ಚಿತ್ರಾನ್ನವನ್ನು ಮೂರನೆಯ ಪಂಕ್ತಿಯವರೆಗೆ ಕೊಪ್ಪರಿಗೆಯಲ್ಲಿಯೇ ಮುಚ್ಚಿಡುವುದುಂಟು. ಬೆಂದ ಅಕ್ಕಿಯಲ್ಲಿಯೂ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿ ಆ ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷವನ್ನು ಕಾರುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಅನ್ನವು 60 ಡಿಗ್ರಿಗೆ ಮೇಲ್ಪಟ್ಟು ಬಿಸಿಯಾಗಿರಬೇಕು, ಇಲ್ಲವೆ ಪಂಕ್ತಿಗೊಮ್ಮೆ ಹೊಸದಾಗಿ ಬೇಯಬೇಕು. ಅಡಿಗೆಯವರು ಗೊಣಗುತ್ತಾರೆ, ಗೊಣಗಲಿ.

ಗೊಮ್ಮಟನ ಎದುರಿಗೆ, ಪ್ರಾಕಾರದ ಹೊರಗೆ, ಗುಳ್ಳಕಾಯಜ್ಜಿ ನಿಂತಿದ್ದಾಳೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಪಾದವನ್ನು ಮುಟ್ಟದಿರಲು ಈ ಮುದುಕಿಯ ಗುಳ್ಳಕಾಯಿಯಷ್ಟು ಹಾಲು ಅಡಿಮುಡಿ ತೋಯಿಸಿತೆಂಬುದು ಐತಿಹ್ಯ. ಅವಳ ವಯಸ್ಸಿನವರು ಈಗಲೂ ಡೋಲಿಯನ್ನು ಬೇಡವೆಂದು ತಳ್ಳಿ ಮೆಟ್ಟಿಲು ಹತ್ತುತ್ತಾರೆ. ಮುಂದಿನ ಅಭಿಷೇಕ 2030ರ ಸುಮಾರಿಗೆ ಬರಬೇಕು. ಮನೆಯ ಹಿರಿಯರನ್ನು ಕರೆದೊಯ್ಯುವವರು ಮೊದಲ ದಿನದ ನೂಕುನುಗ್ಗಲನ್ನು ಬಿಟ್ಟು ಬೇರೊಂದು ದಿನವನ್ನು ಆರಿಸಿಕೊಳ್ಳಲಿ. ಸೂರ್ಯೋದಯಕ್ಕೇ ಹತ್ತಲು ತೊಡಗಿ, ಕಲ್ಲು ಕಾಯುವ ಮೊದಲೇ ಇಳಿದುಬಿಡಲಿ. ಕುದಿಸಿ ಆರಿಸಿದ ನೀರಿನ ಚೆಂಬೊಂದು ಕೈಯಲ್ಲಿರಲಿ.