ಶೇಡಬಾಳದ ದಾರಿಯಲ್ಲಿ ಒಂದು ದಿನ

ನನ್ನ ಮೈದುನ ಕೆಲವು ವರ್ಷ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದವನು. ಅಲ್ಲಿನವರು ಜೀಪಿನ ಹಿಂದೆ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಜನವಸತಿಯೇ ಇಲ್ಲದ ಬಯಲಿನಲ್ಲಿ ದಿನಗಟ್ಟಲೆ ಸುತ್ತುತ್ತಾರಂತೆ. ಕತ್ತಲಾದಲ್ಲೇ ಮನೆ. ಊರಿಗೆ ಮರಳಿದ ಮೇಲೂ ಅವನಿಗೆ ಆ ಹುಚ್ಚು ಬಿಡಲಿಲ್ಲ. ಹುಬ್ಬಳ್ಳಿಯಲ್ಲಿ ಹೇಳಿ ಮಾಡಿಸಿ ಅಂಥದೇ ಪುಟ್ಟ ಟ್ರೇಲರ್ ಒಂದನ್ನು ತಂದ. ಮಡಚುವ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕ್, ಪಕ್ಕದಲ್ಲಿ ಬಟ್ಟೆಯ ಮರೆ ಕಟ್ಟಿದರೆ ಶೌಚಾಲಯ. "ಇರುವ ಮನೆ ಬಿಟ್ಟು ಇನ್ನೊಂದು ಮನೆ ಎಳೆದುಕೊಂಡು ಹೋಗುವುದೇಕೆ?" ಎಂದು ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು. ಮಕ್ಕಳ ಗಲಾಟೆಯಲ್ಲಿ ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಜನವರಿ ತಿಂಗಳು. ರಾತ್ರಿ ಕುಡಚಿಯಲ್ಲಿ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ತಂತುವಾದ್ಯಗಳ ಊರಾದ ಮಿರಜದ ಕಡೆ ಹೊರಟೆವು. ಸಿತಾರ್ ಮಾಡುವುದನ್ನು ನೋಡಬೇಕೆಂದು ಮಗಳ ಆಸೆ. ಸೇತುವೆಯ ಕೆಳಗೆ ಕೃಷ್ಣೆ ಮೌನವಾಗಿ ಹರಿಯುತ್ತಿದ್ದಳು. 2005ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಈ ದಂಡೆಯ ಊರುಗಳಿಗೆ ನುಗ್ಗಿದ್ದು ಇದೇ ನದಿ ಎಂದರೆ ನಂಬುವುದು ಕಷ್ಟ. ನದಿ ದಾಟಿದರೆ ಉಗಾರ. 1939ರಿಂದಲೂ ಸಕ್ಕರೆ ಕಾರ್ಖಾನೆ ಇರುವ ಊರು. ಕಾಕಂಬಿಯ ಸಿಹಿ ಘಾಟು ಮೂಗಿಗೆ ಬಡಿಯುವಷ್ಟರಲ್ಲಿ ಕಬ್ಬಿನ ಗಾಡಿಗಳ ಸಾಲು ಶುರುವಾಯಿತು. ಒಂದೊಂದು ಟ್ರ್ಯಾಕ್ಟರಿಗೂ ಎರಡೆರಡು ಟ್ರೇಲರ್. ನಮ್ಮದನ್ನು ನೋಡಿದ ಚಾಲಕನೊಬ್ಬ, "ಇದರಲ್ಲಿ ಎಷ್ಟು ಟನ್ ಹಿಡಿಯುತ್ತದೆ?" ಎಂದು ಕೇಳಿ ನಕ್ಕ.

ಶೇಡಬಾಳ ಕಾಗವಾಡ ತಾಲ್ಲೂಕಿನ ಊರು. ಮಿರಜಕ್ಕೆ ಹೋಗುವ ರೈಲು ಇಲ್ಲಿಂದಲೇ ಹಾದುಹೋಗುತ್ತದೆ. ಜೈನರ ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ್ದು ಇಲ್ಲಿಯೇ. ಊರನ್ನು ಇನ್ನಷ್ಟು ನೋಡಬಹುದಿತ್ತು. ಆದರೆ ಊರಿಗೆ ಮೊದಲೇ ನಮ್ಮ ಟ್ರೇಲರಿನ ಚಕ್ರ ಕೈಕೊಟ್ಟಿತು. ಸ್ಟೆಪ್ನಿ ತಂದಿರಲಿಲ್ಲ. ಗಂಡಸರು ಚಕ್ರ ಬಿಚ್ಚಿಕೊಂಡು ಹೋದರು. ನಾನೂ ಓರಗಿತ್ತಿಯೂ ಮಕ್ಕಳೊಂದಿಗೆ ಬೇವಿನ ಮರದ ಕೆಳಗೆ ಕುಳಿತೆವು.

ಪಕ್ಕದ ಹೊಲದಲ್ಲಿ ಹತ್ತು-ಹನ್ನೆರಡು ಗುಡಿಸಲುಗಳಿದ್ದವು. ಗಳಗಳನ್ನು ಬಗ್ಗಿಸಿ ಮೇಲೆ ತಾಡಪಾಲು, ಕಬ್ಬಿನ ಸೋಗೆ ಹೊದಿಸಿದ್ದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವವರು. ಒಬ್ಬ ಹೆಂಗಸು ಮಗುವನ್ನು ಸೊಂಟಕ್ಕೆತ್ತಿಕೊಂಡು ಬಂದಳು. ಅವಳದು ಮರಾಠಿ, ನನ್ನದು ದಖನಿ. ಹೇಗೋ ಮಾತು ಸಾಗಿತು. ದೀಪಾವಳಿ ಮುಗಿಸಿ ಬಂದವರು ಹಂಗಾಮು ಮುಗಿದ ಮೇಲೇ ಊರಿಗೆ ಮರಳುತ್ತಾರೆ. ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳು ಎಲ್ಲ ಟ್ರ್ಯಾಕ್ಟರಿನ ಟ್ರೇಲರಿನಲ್ಲೇ ಬಂದಿದ್ದವಂತೆ.

ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ'. ಕೊಯ್ತಾ ಎಂದರೆ ಕುಡುಗೋಲು. ಲೆಕ್ಕದಲ್ಲಿ ಇಬ್ಬರು ಮನುಷ್ಯರಿಗೆ ಒಂದು ಕುಡುಗೋಲಿನ ಹೆಸರು! ಮುಕಾದಮನಿಂದ ಮುಂಗಡ ಪಡೆದು ಬರುತ್ತಾರೆ, ದುಡಿದು ತೀರಿಸುತ್ತಾರೆ. ಒಂದು ದಿನ ತಪ್ಪಿದರೆ ದಂಡ. ಕಡಿದ ಕಬ್ಬು ಒಣಗಿದಷ್ಟೂ ತೂಕವೂ ಸಕ್ಕರೆಯೂ ಇಳಿಯುವುದರಿಂದ ಲಾರಿ ಬಂದ ಹೊತ್ತಿಗೆ, ನಡುರಾತ್ರಿಯಾದರೂ, ತುಂಬಲೇಬೇಕು. ಹೊರೆ ಹೊತ್ತು ಏಣಿ ಹತ್ತುವುದರಲ್ಲಿ ಹೆಂಗಸರಿಗೆ ವಿನಾಯಿತಿ ಇಲ್ಲ.

ನಮ್ಮ ಟ್ರೇಲರನ್ನು ಸುತ್ತು ಹಾಕಿ ನೋಡಿದಳು. ಹಾಸಿಗೆಯ ಬಗ್ಗೆ ಕೇಳಲಿಲ್ಲ, ಒಲೆಯ ಬಗ್ಗೆಯೂ ಕೇಳಲಿಲ್ಲ. ಬಟ್ಟೆಯ ಮರೆಯನ್ನು ಮುಟ್ಟಿ, "ಇದು ಏನು?" ಎಂದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಮಗಳಿಗೆ ನಿನ್ನೆಯಿಂದ ಹೊರಗೆ. ಕಡಿದು ಕಡಿದು ಹೊಲವೂ ಬಯಲಾಗಿದೆ. ಒಂದು ಸಲ ಸ್ನಾನ ಮಾಡಿಸಲೇ?" ಎಂದು ಕೇಳಿದಳು.

2019ರಲ್ಲಿ ಬೀಡ್ ಜಿಲ್ಲೆಯ ಈ ಹೆಂಗಸರ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಸಮೀಕ್ಷೆಗೆ ಸಿಕ್ಕ ಸುಮಾರು 82 ಸಾವಿರ ಮಂದಿಯಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಮುಟ್ಟಿನ ದಿನಗಳ ಕೂಲಿ ತಪ್ಪಬಾರದೆಂಬ ಚಿಂತೆಯೂ ಅದಕ್ಕೊಂದು ಕಾರಣ ಎಂದು ಬರೆದಿದ್ದರು. ಅಂದು ಓದಿ ಪತ್ರಿಕೆ ಮಡಚಿಟ್ಟಿದ್ದೆ. ಈಗ ಹದಿಮೂರರ ಹುಡುಗಿಯೊಬ್ಬಳು ತಾಯಿಯ ಬೆನ್ನ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ನನ್ನ ಮಗಳದೇ ವಯಸ್ಸು.

ಮರೆ ಕಟ್ಟಿದೆವು. ಓರಗಿತ್ತಿ ನೀರು ಬಿಸಿ ಮಾಡಿದಳು. ಹುಡುಗಿ ಒಳಗೆ ಹೋದವಳು ಅರ್ಧ ಗಂಟೆಯಾದರೂ ಹೊರಬರಲಿಲ್ಲ. ಕರೆಯಲು ಹೊರಟ ತಾಯಿಯನ್ನು ನಾನೇ ತಡೆದೆ. ಆಮೇಲೆ ಇನ್ನೂ ನಾಲ್ಕು ಹೆಂಗಸರು ಬಂದರು. ಸಂಜೆಯ ಹೊತ್ತಿಗೆ ಟ್ಯಾಂಕ್ ಖಾಲಿ. ಅಡುಗೆಗೆ ನೀರಿಲ್ಲವೆಂದು ಮೈದುನ ಗೊಣಗಿದ. ಆ ಹೆಂಗಸೇ ತನ್ನ ಕೊಡದಿಂದ ನೀರು ತಂದುಕೊಟ್ಟಳು, ಜೊತೆಗೆ ಜೋಳದ ರೊಟ್ಟಿ, ಹಿಂಡಿ. ಅವಳ ಕೊಡ ಎಷ್ಟು ದೂರದಿಂದ ತುಂಬಿ ಬಂದಿತ್ತೋ, ಕೇಳಲು ನನಗೆ ಬಾಯಿ ಬರಲಿಲ್ಲ.

ಚಕ್ರ ಸಿದ್ಧವಾಗುವಷ್ಟರಲ್ಲಿ ಕತ್ತಲಾಗಿತ್ತು. ಅಲ್ಲೇ ಮಲಗಿದೆವು. ಮಿರಜ ನಾಳೆಗಾಯಿತು. ನಸುಕಿನಲ್ಲಿ ಟ್ರ್ಯಾಕ್ಟರಿನ ಸದ್ದಿಗೆ ಎಚ್ಚರವಾಗಿ ಗಡಿಯಾರ ನೋಡಿದರೆ ನಾಲ್ಕೂ ಆಗಿರಲಿಲ್ಲ. ಬೆಳಗಾಗಿ ಹೊರಗೆ ಬಂದಾಗ ಗುಡಿಸಲುಗಳಲ್ಲಿ ಒಬ್ಬ ಮುದುಕಿ ಮತ್ತು ಚಿಕ್ಕ ಮಕ್ಕಳು ಮಾತ್ರ ಇದ್ದರು. ನಮ್ಮ ಬಕೆಟ್ಟು, ಚೊಂಬು ಬೂದಿಯಿಂದ ತಿಕ್ಕಿ ತೊಳೆದು, ಟ್ರೇಲರಿನ ಮೆಟ್ಟಿಲ ಮೇಲೆ ಬೋರಲಾಗಿ ಇಟ್ಟಿದ್ದವು.