ದೋಟಿ ಬೇಕಿಲ್ಲದ ಮನೆ

ನಮ್ಮ ಅಜ್ಜಿ ಮನೆ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಮಾವಿನ ಕಾಲ ಬಂತೆಂದರೆ ಊರವರೆಲ್ಲ ದೋಟಿ ಹಿಡಿದು ತೋಪಿಗೆ ಹೋಗ್ತಿದ್ರು. ನಮ್ಮ ಸೋದರಮಾವ ಮಾತ್ರ ಬರಿಗೈಲಿ. ಆರಡಿ ಮೂರು ಇಂಚು ಎತ್ತರ. ಕೈ ಚಾಚಿದರೆ ಸಾಕು, ಕೊಂಬೆಯ ಕಾಯಿ ಕೈಗೇ ಬರ್ತಿತ್ತು. "ಆ ಮನೆಗೆ ದೋಟಿ ಯಾಕ್ರೀ ಬೇಕು" ಅಂತ ಜನ ತಮಾಷೆ ಮಾಡೋರು. ಅಮ್ಮನೂ ಎತ್ತರ. ನಾನು, ತಂಗಿ ಇಬ್ಬರೂ ಅಮ್ಮನ ಕಡೆಯವರ ಹಾಗೇ. ನಮಗದು ಹೆಮ್ಮೆ.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಮಾವ ಹೋಗಿಬಿಟ್ಟರು. ಆಗ ಅವರಿಗೆ 39. ಬೆಳಿಗ್ಗೆ ಎದೆಯಲ್ಲಿ, ಆಮೇಲೆ ಬೆನ್ನಲ್ಲಿ, ಸೀಳಿದ ಹಾಗೆ ನೋವು. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿದರು. ಕೋಲಾರ ಮುಟ್ಟುವ ಮೊದಲೇ ಎಲ್ಲ ಮುಗೀತು. ಹಾರ್ಟ್ ಅಟ್ಯಾಕು ಅಂದರು. ಬೀಡಿ ಮುಟ್ಟದ, ಕುಡಿತವಿಲ್ಲದ ಮನುಷ್ಯನಿಗೆ ಹೇಗೆ ಅಂತ ಯಾರೂ ಕೇಳಲಿಲ್ಲ.

ಹದಿಮೂರು ವರ್ಷದ ಮೇಲೆ ಆ ಪ್ರಶ್ನೆ ನನ್ನ ಮುಂದೆ ಬಂದು ನಿಂತಿತು. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಎಕೋ ಮಾಡಿದಾಗ ಅಯೋರ್ಟಾದ ಬುಡ 43 ಮಿಲಿಮೀಟರ್ ಇದೆ, ಹೃದ್ರೋಗ ತಜ್ಞರನ್ನು ನೋಡಿ ಅಂತ ಬರೆದಿದ್ದರು. ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋದೆ. ಡಾಕ್ಟರು ರಿಪೋರ್ಟ್ ನೋಡುವ ಮೊದಲು ನನ್ನ ಕೈ ನೋಡಿದರು. "ಹೆಬ್ಬೆರಳು ಒಳಗೆ ಮಡಚಿ ಮುಷ್ಟಿ ಹಿಡೀರಿ" ಅಂದರು. ಕಿರುಬೆರಳಿನ ಪಕ್ಕದಿಂದ ಹೆಬ್ಬೆರಳಿನ ಉಗುರು ಆಚೆಗೆ ಇಣುಕಿತು. "ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೋಗಿದ್ದಾರಾ?" ಅಂತ ಕೇಳಿದರು. ಮಾವನ ಕಥೆ ಹೇಳಿದೆ.

ಕಣ್ಣಿನ ಪರೀಕ್ಷೆ, ಜೀನ್ ಪರೀಕ್ಷೆ ಎಲ್ಲ ಮುಗಿದ ಮೇಲೆ ಹೆಸರು ಸಿಕ್ಕಿತು: ಮಾರ್ಫಾನ್ ಸಿಂಡ್ರೋಮ್. 1896ರಲ್ಲಿ ಇದರ ಬಗ್ಗೆ ಮೊದಲು ಬರೆದ ಫ್ರಾನ್ಸಿನ ಮಕ್ಕಳ ವೈದ್ಯರ ಹೆಸರದು. ದೇಹದ ಭಾಗಗಳನ್ನು ಹಿಡಿದಿಡುವ ಅಂಗಾಂಶಕ್ಕೆ ಫೈಬ್ರಿಲಿನ್ ಅನ್ನೋ ಪ್ರೋಟೀನ್ ಬೇಕು. ಅದರ ಜೀನಿನಲ್ಲಿ ದೋಷ ಇದ್ದರೆ ಮೂಳೆ ಉದ್ದ ಬೆಳೆಯುತ್ತೆ, ಕಣ್ಣಿನ ಮಸೂರ ಜಾರಬಹುದು, ರಕ್ತನಾಳದ ಗೋಡೆ ಸಡಿಲ ಆಗುತ್ತೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇರುತ್ತೆ.

ನಮ್ಮ ಕಡೆಯವರಿಗೆ ಡ್ರಿಪ್ ಪೈಪಿನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥ ಆಗುತ್ತೆ. ಹೃದಯ ಅಂದರೆ ಮೋಟರು, ಅಯೋರ್ಟಾ ಅಂದರೆ ಅದರಿಂದ ಹೊರಡೋ ಮೇನ್ ಪೈಪು. ಮೋಟರಿನ ಹತ್ತಿರ ಒತ್ತಡ ಜಾಸ್ತಿ. ಪೈಪಿನ ಗೋಡೆ ಮೆತ್ತಗಿದ್ದರೆ ಅಲ್ಲೇ ಊದುತ್ತೆ, ಒಂದು ದಿನ ಒಳಗೇ ಸೀಳುತ್ತೆ. ಮಾವನಿಗೆ ಬೆನ್ನಿಗಿಳಿದ ನೋವು ಆ ಸೀಳಿನದೇ ಇರಬೇಕು ಅಂದರು ಡಾಕ್ಟರು.

ಸಿಟಿ ಸ್ಕ್ಯಾನ್‌ನಲ್ಲಿ ಇನ್ನೊಂದು ವಿಷಯ ಗೊತ್ತಾಯ್ತು. ಅಯೋರ್ಟಾದ ಬುಡದಲ್ಲೇ ಎರಡು ಸಣ್ಣ ನಾಳಗಳು ಹೊರಟು ಹೃದಯಕ್ಕೇ ರಕ್ತ ಕೊಡುತ್ತವೆ. ಅವೇ ಕೊರೋನರಿಗಳು. ನನ್ನ ಬಲ ಕೊರೋನರಿ ಬಲಗಡೆಯಿಂದ ಹೊರಡದೆ ಎಡಗಡೆಯಿಂದ ಹೊರಟು, ಎರಡು ದೊಡ್ಡ ನಾಳಗಳ ಸಂದಿಯಲ್ಲಿ ನುಸುಳಿ ಹೋಗಿದೆ. ಹುಟ್ಟಿನಿಂದಲೇ ಹಾಗೆ. ಮಾರ್ಫಾನ್ ಇದ್ದವರಿಗೆಲ್ಲ ಹೀಗಿರಲ್ಲ, ಹೀಗಿದ್ದವರಿಗೆಲ್ಲ ಮಾರ್ಫಾನ್ ಇರಲ್ಲ. ನನಗೆ ಎರಡೂ ಇವೆ. ಸದ್ಯ ರಕ್ತದ ಹರಿವಿಗೆ ತೊಂದರೆ ಇಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾಗಿದೆ. ಆದರೆ ಅಯೋರ್ಟಾ 50 ಮಿಲಿಮೀಟರ್ ಹತ್ತಿರ ಬಂದರೆ ಆ ಭಾಗ ತೆಗೆದು ಕೃತಕ ನಾಳ ಹಾಕ್ತಾರೆ, ಕೊರೋನರಿಗಳನ್ನು ಬಿಡಿಸಿ ಅದಕ್ಕೆ ಹೊಲೀತಾರೆ. ಯಾವುದು ಎಲ್ಲಿಂದ ಹೊರಟಿದೆ ಅಂತ ಸರ್ಜನ್‌ಗೆ ಮೊದಲೇ ಗೊತ್ತಿರಬೇಕು. ಸದ್ಯಕ್ಕೆ ದಿನಾ ಬೀಟಾ ಬ್ಲಾಕರ್ ಮಾತ್ರೆ, ವರ್ಷಕ್ಕೊಂದು ಸ್ಕ್ಯಾನ್. ಜಿಮ್‌ನಲ್ಲಿ ಭಾರ ಎತ್ತೋದು ಬಂದ್.

ಅಷ್ಟು ಕಷ್ಟ ಅನಿಸಲಿಲ್ಲ. ಕಷ್ಟ ಇದ್ದದ್ದು ಶ್ರೀನಿವಾಸಪುರದ ನಮ್ಮ ಮನೆಯಲ್ಲಿ.

ತಂಗಿಗೆ ಮಾಲೂರಿನ ಕಡೆ ಸಂಬಂಧ ಕೂಡಿಬಂದಿತ್ತು. ಅಮ್ಮ ಎಲ್ಲ ಕೇಳಿ, "ನಮ್ಮಲ್ಲಿ ಯಾರೂ ಸಂಬಂಧದಲ್ಲಿ ಮದುವೆ ಆಗಿಲ್ಲ, ನಮಗೆ ಹೆಂಗೆ ಬರುತ್ತೋ?" ಅಂದರು. ಇದಕ್ಕೆ ಸಂಬಂಧದ ಮದುವೆ ಬೇಕಿಲ್ಲ, ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನನ್ನಿಂದ ಬಂದಿದ್ದಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಅವರೇ, "ಮದುವೆ ಆಗೋವರೆಗೂ ಬಾಯಿ ಬಿಡಬೇಡ" ಅಂದರು.

ಎರಡು ವಾರ ಬಾಯಿ ಬಿಡಲಿಲ್ಲ. ಆದರೆ ಡಾಕ್ಟರು ಹೇಳಿದ್ದ ಒಂದು ಮಾತು ನಿದ್ದೆ ಕೆಡಿಸಿತ್ತು: ಅಯೋರ್ಟಾ ಊದಿರೋ ಹೆಣ್ಣುಮಕ್ಕಳಿಗೆ ಬಸಿರು, ಬಾಣಂತನದ ಕಾಲದಲ್ಲಿ ಅದು ಸೀಳುವ ಅಪಾಯ ಹೆಚ್ಚು. ಸುಮ್ಮನಿದ್ದರೆ ಮದುವೆ ಉಳಿಯಬಹುದು, ತಂಗಿ ಉಳೀತಾಳಾ?

ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗೋ ಬಸ್ಸಿನಲ್ಲಿ ಅವಳಿಗೆ ಹೇಳಿದೆ. ಅಲ್ಲೇ ಹೆಬ್ಬೆರಳು ಮಡಚಿ ಮುಷ್ಟಿ ಹಿಡಿದಳು. ಉಗುರು ಆಚೆ ಬಂತು. ನಕ್ಕಳು. ಆಮೇಲೆ ಊರು ಬರೋವರೆಗೂ ಕಿಟಕಿ ಕಡೆ ನೋಡ್ತಾ ಕೂತಳು. ಇಳಿಯುವಾಗ, "ಅಣ್ಣಾ, ಇದನ್ನ ಎರಡು ವಾರ ಹೊಟ್ಟೇಲಿ ಇಟ್ಕೊಂಡಿದ್ಯಾ?" ಅಂತ ಮಾತ್ರ ಕೇಳಿದಳು.

ಟಮಕದ ಜಾಲಪ್ಪ ಆಸ್ಪತ್ರೆಯಲ್ಲಿ ಎಕೋ ಮಾಡಿಸಿದೆವು. 39 ಮಿಲಿಮೀಟರ್. ಮಾತ್ರೆ, ವರ್ಷಕ್ಕೊಮ್ಮೆ ಸ್ಕ್ಯಾನ್, ಮಗು ಬೇಕು ಅನ್ನೋ ಮೊದಲು ಹೃದಯದ ಡಾಕ್ಟರ ಜೊತೆ ಮಾತು. ಇಷ್ಟು ಜಾಗ್ರತೆ ಇದ್ದರೆ ಎಲ್ಲರ ಹಾಗೆ ಬಾಳಬಹುದು ಅಂದರು. ಹುಡುಗನಿಗೆ ಅವಳೇ ಫೋನ್ ಮಾಡಿ ಹೇಳಿದಳು. ವಾರದ ಮೇಲೆ ಅವರ ಮನೆಯಿಂದ ಜಾತಕ ಕೂಡಲಿಲ್ಲ ಅಂತ ಹೇಳಿಕಳಿಸಿದರು. ಅಮ್ಮ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ತಂಗಿ ಮಾತ್ರ, "ಆಮೇಲೆ ಗೊತ್ತಾಗಿ ಬಿಟ್ಟಿದ್ರೆ ಏನ್ ಮಾಡ್ತಿದ್ದೆ?" ಅಂದಳು.

ಒಂದು ದಿನ ಅಮ್ಮನೇ, "ನನಗೂ ಅದೇನೋ ಎಕೋ ಮಾಡಿಸು" ಅಂದರು. 46 ಮಿಲಿಮೀಟರ್. ಈಗ ಮನೆಯಲ್ಲಿ ಮೂವರಿಗೂ ಒಂದೇ ಮಾತ್ರೆ. ರಾತ್ರಿ ಊಟ ಆದ ಮೇಲೆ ಅಮ್ಮನೇ ಮೂರನ್ನೂ ತಟ್ಟೆಯಲ್ಲಿಟ್ಟು ಕೊಡ್ತಾರೆ. ಜ್ವರ, ಭೇದಿ ಅಂತ ಮೆಡಿಕಲ್ ಶಾಪಿನಿಂದ ಸಿಪ್ರೋಫ್ಲಾಕ್ಸಸಿನ್ ತಂದು ನುಂಗೋದು ನಿಲ್ಲಿಸಿದ್ದೀವಿ. ಅಯೋರ್ಟಾ ಊದಿರೋರಿಗೆ ಆ ಜಾತಿಯ ಆಂಟಿಬಯೋಟಿಕ್‌ನಿಂದ ಅಪಾಯ ಆಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

ಉಳಿದಿರೋದು ಮಾವನ ಮಗ. ಮಾವ ಹೋದಾಗ ಕೈಗೂಸು, ಈಗ ಹದಿನಾಲ್ಕು ವರ್ಷ. ಆಗಲೇ ಆರಡಿ. ಶಾಲೆಯ ಕಬಡ್ಡಿ ಟೀಮಿನಲ್ಲಿದ್ದಾನೆ. ಅತ್ತೆ ಒಪ್ಪಿರಲಿಲ್ಲ. ಫ್ಲೋ ಹೈಮನ್ ಅನ್ನೋ ಅಮೆರಿಕದ ವಾಲಿಬಾಲ್ ಆಟಗಾರ್ತಿಯ ಕಥೆ ಹೇಳಿದೆ. ಆರಡಿ ಐದು ಇಂಚು ಎತ್ತರ, ಒಲಿಂಪಿಕ್ಸ್ ಬೆಳ್ಳಿ ಗೆದ್ದವಳು. 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಕುಸಿದು ಸತ್ತಳು, ವಯಸ್ಸು 31. ಮಾರ್ಫಾನ್ ಇತ್ತು ಅಂತ ಗೊತ್ತಾಗಿದ್ದು ಶವಪರೀಕ್ಷೆಯಲ್ಲಿ. ಅತ್ತೆ ಪೂರ್ತಿ ಕೇಳಿಸಿಕೊಂಡು, "ಯಾವತ್ತು ಬರಬೇಕು ಹೇಳಪ್ಪ" ಅಂದರು.

ಎತ್ತರ ಇರೋರಿಗೆಲ್ಲ ಈ ಕಾಯಿಲೆ ಇರಲ್ಲ, ಬರೀ ಹೆಬ್ಬೆರಳು ನೋಡಿ ಹೆದರಬೇಡಿ. ಆದರೆ ನಿಮ್ಮ ಮನೆಯಲ್ಲೂ ಎತ್ತರದ, ತೆಳ್ಳಗಿನ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದ ಹಾಗೆ ಹೋಗಿದ್ದರೆ, ಹಾರ್ಟ್ ಅಟ್ಯಾಕು ಅಂತ ಅಲ್ಲಿಗೇ ಬಿಡಬೇಡಿ. ಉಳಿದವರಿಗೆ ಒಂದು ಎಕೋ ಮಾಡಿಸಿ.

ಬರೋ ಸೋಮವಾರ ನಮ್ಮ ಹುಡುಗನದು.