ತನ್ನ ವೇಷವನ್ನು ತಾನೇ ಕಟ್ಟಿದ ವೀರ

ಉಡುಪಿಯ ಆಸುಪಾಸಿನ ಅಲೆವೂರಿನಂಥ ಊರುಗಳಲ್ಲಿ ಬಯಲಾಟ ನೋಡಿ ಬೆಳೆದವರಿಗೆ ವೀರನೇ ಬೇರೆ, ವೇಷಧಾರಿಯೇ ಬೇರೆ ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಚಕ್ರವ್ಯೂಹದಲ್ಲಿ ಕಾದಾಡಿ ಮಡಿದ ಅಭಿಮನ್ಯು ಆಟ ಮುಗಿದೊಡನೆ ಚೌಕಿಗೆ ಬಂದು, ಮುಖಕ್ಕೆ ಎಣ್ಣೆ ಹಚ್ಚಿ, ಬಣ್ಣ ಒರೆಸಿ ಮನೆಯ ದಾರಿ ಹಿಡಿಯುತ್ತಾನೆ. ಈ ಅಂತರವಿರುವುದರಿಂದಲೇ ಪ್ರೇಕ್ಷಕನಿಗೂ ನೆಮ್ಮದಿ, ಕಲಾವಿದನಿಗೂ ನಿದ್ರೆ. ಆದರೆ ಕಾದಾಡಿದವನೇ ತನ್ನ ಕಾಳಗದ ವೇಷವನ್ನೂ ಕಟ್ಟಬೇಕಾಗಿ ಬಂದರೆ? ಅಮೆರಿಕದ ಆಡೀ ಮರ್ಫಿಯ ಪಾಲಿಗೆ ಬಂದುದು ಅಂಥ ಪಾತ್ರ.

ಟೆಕ್ಸಸ್ ಪ್ರಾಂತದಲ್ಲಿ, ಪರರ ಭೂಮಿಯಲ್ಲಿ ಹತ್ತಿ ಬೆಳೆಯುವ ಬಡ ಸಂಸಾರದಲ್ಲಿ, 1925ರಲ್ಲಿ ಹುಟ್ಟಿದವನು ಮರ್ಫಿ. ಹನ್ನೆರಡು ಮಂದಿ ಮಕ್ಕಳು. ತಂದೆ ಮನೆ ಬಿಟ್ಟು ನಡೆದ. ಹುಡುಗ ಐದನೆಯ ತರಗತಿಗೇ ಶಾಲೆಗೆ ಶರಣು ಹೊಡೆದು ಹತ್ತಿ ಬಿಡಿಸಹೋದ. ಕೋವಿ ಹಿಡಿದು ಮೊಲವನ್ನೋ ಅಳಿಲನ್ನೋ ಹೊಡೆದು ತಂದರೆ ಮನೆಮಂದಿಗೆ ಊಟ. ಗುಂಡು ಹಾಳಾಗದಂತೆ ಗುರಿಯಿಡುವುದನ್ನು ಅವನಿಗೆ ಕಲಿಸಿದುದು ಸೈನ್ಯವಲ್ಲ, ಹಸಿವು. 1941ರಲ್ಲಿ ತಾಯಿಯೂ ತೀರಿಕೊಂಡಳು. ಯುದ್ಧ ಬಂದಾಗ ಈ ಸಣಕಲು ಹುಡುಗನನ್ನು ನೌಕಾಪಡೆಯ ಸೈನಿಕ ದಳದವರು ಹಿಂದಕ್ಕೆ ಕಳುಹಿಸಿದರು. ಕೊನೆಗೆ ಅಕ್ಕನಿಂದ ವಯಸ್ಸು ಹೆಚ್ಚಿಸಿ ಪ್ರಮಾಣಪತ್ರ ಬರೆಯಿಸಿಕೊಂಡು, 1942ರ ಜೂನ್‌ನಲ್ಲಿ ಕಾಲ್ದಳವನ್ನು ಸೇರಿದ. ಆಗ ಆತನ ತೂಕ 112 ಪೌಂಡು!

ಸಿಸಿಲಿ, ಇಟಲಿ, ಫ್ರಾನ್ಸ್ — ಎಲ್ಲೆಡೆಯೂ ಆತ ಮುಂಚೂಣಿಯಲ್ಲಿದ್ದ. 1945ರ ಜನವರಿ 26ರಂದು ಫ್ರಾನ್ಸಿನ ಹೋಲ್ಟ್ಸ್‌ವೀರ್ ಎಂಬ ಹಳ್ಳಿಯ ಬಳಿ ಆರು ಜರ್ಮನ್ ಟ್ಯಾಂಕುಗಳೂ ಅವುಗಳ ಹಿಂದೆ ನೂರಾರು ಸೈನಿಕರೂ ಏರಿಬಂದರು. ಮರ್ಫಿ ತನ್ನವರನ್ನು ಕಾಡಿನೊಳಕ್ಕೆ ಕಳುಹಿಸಿ, ದೂರವಾಣಿಯಲ್ಲಿ ಫಿರಂಗಿದಳಕ್ಕೆ ಗುರಿ ತಿಳಿಸುತ್ತ ತಾನೊಬ್ಬನೇ ನಿಂತ. ಬಳಿಕ ಹೊತ್ತಿ ಉರಿಯುತ್ತಿದ್ದ ಶಸ್ತ್ರವಾಹನವೊಂದರ ಮೇಲೇರಿ ಅದರ ಮೆಷಿನ್‌ಗನ್ನನ್ನು ಹಿಡಿದ. ಒಳಗಿನ ಮದ್ದು ಯಾವ ಕ್ಷಣದಲ್ಲಾದರೂ ಸಿಡಿಯಬಹುದಿತ್ತು. ಕಾಲಿಗೆ ಗಾಯವಾದರೂ ಸುಮಾರು ಒಂದು ಗಂಟೆಯ ಕಾಲ ಶತ್ರುವನ್ನು ತಡೆದು ನಿಲ್ಲಿಸಿದ. ಆಗ ಆತನಿಗೆ ಹತ್ತೊಂಬತ್ತು ವರ್ಷ; ನಮ್ಮ ಮನೆಗಳಲ್ಲಿ ಮಕ್ಕಳು ಕಾಲೇಜಿನ ಪರೀಕ್ಷೆಗೆ ಓದುವ ವಯಸ್ಸು. ಅಮೆರಿಕದ ಅತ್ಯುನ್ನತ ಶೌರ್ಯಪದಕ ಆತನ ಎದೆಯನ್ನೇರಿತು.

‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಆ ಎಳೆಯ ಮುಖವನ್ನು ಕಂಡು ಹಾಲಿವುಡ್ಡಿಗೆ ಕರೆಸಿಕೊಂಡವನು ನಟ ಜೇಮ್ಸ್ ಕ್ಯಾಗ್ನಿ. ಮರ್ಫಿ ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದ. ಬಹುಪಾಲು ಕುದುರೆ, ಪಿಸ್ತೂಲುಗಳ ಸಾಮಾನ್ಯ ಚಿತ್ರಗಳೇ. ಆತ ಮಹಾನಟನೆಂದು ವಾದಿಸುವ ಅಗತ್ಯವೇನೂ ಇಲ್ಲ. ಆದರೆ ಜಾನ್ ಹ್ಯೂಸ್ಟನ್ 1951ರಲ್ಲಿ ತೆರೆಗೆ ತಂದ ‘ದಿ ರೆಡ್ ಬ್ಯಾಡ್ಜ್ ಆಫ್ ಕರೇಜ್’ ಚಿತ್ರದಲ್ಲಿ ಆತ ವಹಿಸಿದುದು ರಣರಂಗದಿಂದ ಬೆದರಿ ಓಡುವ ತರುಣನ ಪಾತ್ರ. ಅಷ್ಟೊಂದು ಪದಕಗಳನ್ನು ಪಡೆದವನು ಭಯದ ಮುಖವನ್ನು ತೋರಿಸಲು ನಾಚಲಿಲ್ಲ. ಬಹುಶಃ ಆ ಮುಖವನ್ನು ಆತ ಬಲು ಹತ್ತಿರದಿಂದ ಬಲ್ಲವನಾಗಿದ್ದ.

ನಿಜವಾದ ಪರೀಕ್ಷೆ ಬಂದುದು 1955ರಲ್ಲಿ. ಆತನ ಆತ್ಮಕಥೆ ‘ಟು ಹೆಲ್ ಅಂಡ್ ಬ್ಯಾಕ್’ ಚಿತ್ರವಾಗುವಾಗ, ಮರ್ಫಿಯ ಪಾತ್ರಕ್ಕೆ ಟೋನಿ ಕರ್ಟಿಸ್‌ನನ್ನು ಕರೆಯಿರೆಂದು ಸ್ವತಃ ಮರ್ಫಿಯೇ ಸೂಚಿಸಿದ್ದ. ನಿರ್ಮಾಪಕರು ಬಿಡಲಿಲ್ಲ. ಆತನ ಪ್ರಾಣಮಿತ್ರ ಲ್ಯಾಟಿ ಟಿಪ್ಟನ್ 1944ರ ಆಗಸ್ಟ್‌ನಲ್ಲಿ, ಶರಣಾದಂತೆ ನಟಿಸಿದ ಶತ್ರುಗಳ ಗುಂಡಿಗೆ ಆತನ ಬಳಿಯಲ್ಲೇ ಬಲಿಯಾಗಿದ್ದ. ಚಿತ್ರದಲ್ಲಿ ಅವನಿಗೆ ಬ್ರಾಂಡನ್ ಎಂಬ ಹೆಸರು. ಪಾತ್ರಧಾರಿ ಚಾರ್ಲ್ಸ್ ಡ್ರೇಕ್. ಆ ಸಾವನ್ನು ಮರ್ಫಿ ಕ್ಯಾಮೆರಾದ ಮುಂದೆ ಮತ್ತೊಮ್ಮೆ ಕಾಣಬೇಕಾಯಿತು. ಚಿತ್ರ ಅಪಾರ ಹಣ ಗಳಿಸಿತು. 

ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕಥೆಯೂ 2025ರಲ್ಲಿ ‘ಸ್ಕೈ ಫೋರ್ಸ್’ ಎಂಬ ಹಿಂದೀ ಚಿತ್ರಕ್ಕೆ ಆಧಾರವಾಯಿತು. ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಕೆಡಹಿದ ಅವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದಿಂದ ಮರಳಲಿಲ್ಲ. ಮಹಾವೀರ ಚಕ್ರ ಸಂದುದು 1988ರಲ್ಲಿ. ಅವರ ಸಾಹಸವನ್ನು ಮತ್ತೊಬ್ಬರು ಅಭಿನಯಿಸಬೇಕಾಯಿತು. ಮರ್ಫಿಯ ಸಾಹಸವನ್ನು ಮತ್ತೊಬ್ಬರು ಅಭಿನಯಿಸಲು ಯಾರೂ ಒಪ್ಪಲಿಲ್ಲ. ಎರಡರಲ್ಲಿ ಯಾವುದು ಕಠಿನವೆಂದು ಅಳೆಯುವ ತಕ್ಕಡಿ ಎಲ್ಲಿದೆ?

ಮರ್ಫಿಗೆ ಮಾತ್ರ ರಾತ್ರಿಗಳು ಕ್ರೂರವಾದುವು. ದಿಂಬಿನಡಿ ತುಂಬಿದ ಪಿಸ್ತೂಲಿಲ್ಲದೆ ಆತ ಮಲಗುತ್ತಿರಲಿಲ್ಲ. ಒಮ್ಮೆ ತನ್ನತ್ತಲೇ ಅದನ್ನು ಹಿಡಿದನೆಂದು ಮೊದಲ ಪತ್ನಿ, ನಟಿ ವಾಂಡಾ ಹೆಂಡ್ರಿಕ್ಸ್ ಹೇಳಿದ್ದುಂಟು. ಆತನನ್ನು ಮೆಚ್ಚುವವರು ಇದನ್ನು ಮುಚ್ಚಿಡಬಾರದು. ಆ ಮನೆಯ ಹೆಣ್ಣು ತೆತ್ತ ಬೆಲೆಯೂ ಯುದ್ಧದ ಲೆಕ್ಕಕ್ಕೇ ಸೇರಿದುದು. ನಿದ್ರೆಯ ಮಾತ್ರೆಗಳು ಚಟವಾದಾಗ ಹೋಟೆಲಿನ ಕೋಣೆಯೊಂದರಲ್ಲಿ ಒಂದು ವಾರ ಬಾಗಿಲಿಕ್ಕಿಕೊಂಡು, ತಾನಾಗಿಯೇ ಅದನ್ನು ಬಿಟ್ಟ. ಮನಸ್ಸಿನ ಗಾಯವನ್ನು ಗಂಡಸರು ಬಾಯಿಬಿಟ್ಟು ಹೇಳದಿದ್ದ ಕಾಲದಲ್ಲಿ ತನ್ನ ವ್ಯಾಧಿಯನ್ನು ಬಹಿರಂಗವಾಗಿ ಹೇಳಿಕೊಂಡ. ಕೊರಿಯಾ, ವಿಯೆಟ್ನಾಂಗಳಿಂದ ಮರಳಿದವರಿಗೆ ಚಿಕಿತ್ಸೆಯ ನೆರವು ಬೇಕೆಂದು ಸರಕಾರವನ್ನು ಒತ್ತಾಯಿಸಿದ. ಹೋಲ್ಟ್ಸ್‌ವೀರಿನ ಆ ಒಂದು ಗಂಟೆಗಿಂತ ಈ ಮಾತಿಗೆ ಕಡಮೆ ಧೈರ್ಯ ಬೇಕಾಗಿರಲಿಲ್ಲ.

ಜೂಜಿನಲ್ಲಿ ಹಣ ಕರಗಿ, 1968ರಲ್ಲಿ ದಿವಾಳಿಯೆದ್ದ. ಆದರೂ ಮಕ್ಕಳಿಗೆ ಕೆಟ್ಟ ಮೇಲ್ಪಂಕ್ತಿಯಾಗಬಾರದೆಂದು ಮದ್ಯ, ಸಿಗರೇಟುಗಳ ಜಾಹೀರಾತಿಗೆ ಮುಖ ಕೊಡಲಿಲ್ಲ. ಪದಕಗಳನ್ನಂತೂ ಆತ ಎಂದೋ ಮಕ್ಕಳಿಗೆ ಹಂಚಿಬಿಟ್ಟಿದ್ದ.

1971ರ ಮೇ 28ರಂದು ವರ್ಜೀನಿಯದ ಬೆಟ್ಟವೊಂದಕ್ಕೆ ವಿಮಾನ ಅಪ್ಪಳಿಸಿ ಮರ್ಫಿ ಮಡಿದ. ಆರ್ಲಿಂಗ್ಟನ್ನಿನ ಸೈನಿಕ ಸ್ಮಶಾನದಲ್ಲಿ ಅತ್ಯುನ್ನತ ಪದಕ ಪಡೆದವರ ಸಮಾಧಿಶಿಲೆಗಳಿಗೆ ಚಿನ್ನದ ಅಕ್ಷರಗಳ ಅಲಂಕಾರವುಂಟು. ಮರ್ಫಿಯ ಕಲ್ಲಿಗೆ ಅದಿಲ್ಲ. ನೋಡಬರುವವರ ದಟ್ಟಣೆಗಾಗಿ ಅದರ ಮುಂದೆ ಪ್ರತ್ಯೇಕವಾದ ಕಾಲುದಾರಿಯೊಂದನ್ನು ಕಟ್ಟಿದ್ದಾರೆ.